ಸುರಪುರದ ಕಣ್ಣಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಏಳುಬೀಳು

ಸುರಪುರ: ಪಟ್ಟಣದ ಗುಡ್ಡವೊಂದರ ಮೇಲೆ 1844ರಲ್ಲಿ ಕಟ್ಟಿದ ಬಂಗಲೆಯೊಂದು ಇಂದಿಗೂ ನಿಂತಿದೆ. ಜನರ ಬಾಯಲ್ಲಿ ಅದು ಟೇಲರ್ ಮಂಜಿಲ್. ಕಟ್ಟಿಸಿದಾತ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್. ಅದೇ ಊರಿನಲ್ಲಿ ಗೋಸಲ ವಂಶದ ನಾಯಕ ದೊರೆಗಳ ಅರಮನೆಯಿದೆ, ಅವರು ನಡೆದುಕೊಳ್ಳುತ್ತಿದ್ದ ವೇಣುಗೋಪಾಲಸ್ವಾಮಿಯ ಗುಡಿಯಿದೆ. ಒಂದೇ ಊರಿನ ಈ ಎರಡು ನೆಲೆಗಳ ನಡುವೆ ನಡೆದ ಸಂಗತಿಗಳನ್ನು ಬಿಡಿಸಿ ನೋಡಿದರೆ, ಭೂಮಿಯ ಕಾಲು ಭಾಗವನ್ನು ಆಳಿದ ಸಾಮ್ರಾಜ್ಯವೊಂದು ಹೇಗೆ ಬೆಳೆಯಿತು, ಹೇಗೆ ಕುಸಿಯಿತು ಎಂಬುದರ ಸಂಕ್ಷಿಪ್ತ ಚಿತ್ರ ದೊರೆಯುತ್ತದೆ.

ಸುರಪುರವನ್ನು ಬ್ರಿಟಿಷರು ನೇರವಾಗಿ ತಮ್ಮ ವಶದಲ್ಲಿಟ್ಟುಕೊಂಡದ್ದು 1858ರಿಂದ 1860ರವರೆಗೆ, ಮೂರು ವರ್ಷಕ್ಕೂ ಕಡಿಮೆ. ಆದರೂ ಈ ಸಂಸ್ಥಾನದ ಪಟ್ಟ ಯಾರಿಗೆ, ಖಜಾನೆ ಯಾರ ಕೈಗೆ, ಕೊನೆಗೆ ಇಡೀ ನಾಡು ಯಾರ ಪಾಲಿಗೆ ಎಂಬುದನ್ನೆಲ್ಲ ತೀರ್ಮಾನಿಸಿದವರು ಅವರೇ. 1860ರಲ್ಲಿ ಅವರು ಸುರಪುರವನ್ನು ಹೈದರಾಬಾದಿನ ನಿಜಾಮನಿಗೆ ಇನಾಮಾಗಿ ಕೊಟ್ಟರು. ಆ ಒಂದು ತೀರ್ಮಾನದಿಂದಾಗಿ, 1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾದಾಗ ಸುರಪುರ ಇನ್ನೂ ಹದಿಮೂರು ತಿಂಗಳು ಕಾಯಬೇಕಾಯಿತು.

ತನ್ನದಲ್ಲದ ನಾಡನ್ನು ಇನ್ನೊಬ್ಬನಿಗೆ ದಾನ ಮಾಡುವ ಅಧಿಕಾರ ಒಂದು ವ್ಯಾಪಾರಿ ಕಂಪೆನಿಯಿಂದ ಹುಟ್ಟಿದ ಆಡಳಿತಕ್ಕೆ ಬಂದದ್ದು ಹೇಗೆ? ಉತ್ತರ ಫಿರಂಗಿಗಳಲ್ಲಿರುವಷ್ಟೇ ಸಾಲದ ಪತ್ರಗಳಲ್ಲಿಯೂ ಇದೆ.

ಔರಂಗಜೇಬನನ್ನು ತಡೆದ ನಾಡು

ಕೃಷ್ಣಾ ಮತ್ತು ಭೀಮಾ ನದಿಗಳ ನಡುವಿನ ಈ ಪ್ರದೇಶದಲ್ಲಿ ಬೇಡ ನಾಯಕರು ಪ್ರಬಲರಾದದ್ದು ವಿಜಾಪುರದ ಆದಿಲಶಾಹಿಯ ಕಾಲದಲ್ಲಿ. 1686ರಲ್ಲಿ ವಿಜಾಪುರವೂ 1687ರಲ್ಲಿ ಗೋಲ್ಕೊಂಡವೂ ಮೊಗಲರ ವಶವಾದ ಮೇಲೆ ನಾಯಕರು ಮೊಗಲ್ ಸೈನ್ಯಕ್ಕೆ ಎದುರು ನಿಂತರು. ಆಗ ಅವರ ನೆಲೆ ಸುರಪುರದ ಬಳಿಯ ವಾಗಿನಗೇರಾ.

1705ರ ಫೆಬ್ರುವರಿಯಲ್ಲಿ ವೃದ್ಧ ಬಾದಶಹ ಔರಂಗಜೇಬ ಸ್ವತಃ ವಾಗಿನಗೇರಾ ಕೋಟೆಗೆ ಮುತ್ತಿಗೆ ಹಾಕಿದ. ಕೋಟೆಯೊಳಗಿದ್ದವ ಪೀತ ನಾಯಕ. ಮರಾಠರ ನೆರವೂ ಆತನಿಗಿತ್ತು. ಮುತ್ತಿಗೆ ಏಪ್ರಿಲ್‌ವರೆಗೆ ನಡೆಯಿತು. ಕೊನೆಗೆ ನಾಯಕ ತನ್ನ ಜನರೊಡನೆ ರಾತ್ರೋರಾತ್ರಿ ಪಾರಾದ. ಬಾದಶಹನಿಗೆ ದಕ್ಕಿದ್ದು ಬರಿದಾದ ಕೋಟೆ. ಇದೇ ಔರಂಗಜೇಬನ ಕೊನೆಯ ದಂಡಯಾತ್ರೆ. ಬಳಿಕ ಆತ ಕೃಷ್ಣಾ ತೀರದ ದೇವಾಪುರದಲ್ಲಿ ತಿಂಗಳುಗಟ್ಟಲೆ ಬೀಡುಬಿಟ್ಟು, ಅಲ್ಲಿಯೇ ತೀವ್ರ ಕಾಯಿಲೆ ಬಿದ್ದ. 1707ರಲ್ಲಿ ಅಹ್ಮದ್‌ನಗರದ ಬಳಿ ತೀರಿಕೊಂಡ.

ಮೊಗಲ್ ಸಾಮ್ರಾಜ್ಯ ಸಡಿಲಗೊಂಡಂತೆ ನಾಯಕರು ಸುರಪುರವನ್ನು ರಾಜಧಾನಿಯಾಗಿ ಮಾಡಿಕೊಂಡು ಬೆಳೆದರು. ಒಂದು ಕಡೆ ಹೈದರಾಬಾದಿನ ನಿಜಾಮ, ಇನ್ನೊಂದು ಕಡೆ ಪುಣೆಯ ಪೇಶ್ವೆ. ಇಬ್ಬರಿಗೂ ಕಪ್ಪ ಕೊಡುತ್ತ, ಇಬ್ಬರ ಪೈಪೋಟಿಯ ನಡುವೆ ತಮ್ಮ ಸ್ವಾತಂತ್ರ್ಯ ಉಳಿಸಿಕೊಳ್ಳುವುದು ಹದಿನೆಂಟನೆಯ ಶತಮಾನದಲ್ಲಿ ಅವರು ನಡೆಸಿದ ರಾಜಕಾರಣ. ದಕ್ಷಿಣದಲ್ಲಿ ಯಾವೊಂದು ಶಕ್ತಿಯೂ ಪೂರ್ಣ ಮೇಲುಗೈ ಸಾಧಿಸದೆ ಇದ್ದಷ್ಟು ಕಾಲ ಈ ರಾಜಕಾರಣ ನಡೆಯಿತು.

ಸೈನ್ಯ ಅವರದು, ಸಂಬಳ ಇವರದು

ಆ ಸಮತೋಲನವನ್ನು ಕೆಡಿಸಿದ್ದು ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪೆನಿ. 1600ರ ಡಿಸೆಂಬರ್ 31ರಂದು ರಾಣಿ ಎಲಿಜಬೆತ್‌ಳಿಂದ ಸನ್ನದು ಪಡೆದ ಈ ಕಂಪೆನಿ ನೂರೈವತ್ತು ವರ್ಷ ಬಹುಮಟ್ಟಿಗೆ ವ್ಯಾಪಾರದಲ್ಲೇ ತೊಡಗಿತ್ತು. 1757ರ ಪ್ಲಾಸಿ ಹಾಗೂ 1764ರ ಬಕ್ಸಾರ್ ಕದನಗಳ ಬಳಿಕ, 1765ರಲ್ಲಿ ಬಂಗಾಳದ ದಿವಾನಿ, ಎಂದರೆ ಕಂದಾಯ ವಸೂಲಿಯ ಹಕ್ಕು ಅದರ ಕೈಸೇರಿತು. ಅಲ್ಲಿಂದ ಮುಂದೆ ಭಾರತದ ಕಂದಾಯದಿಂದಲೇ ಸೈನ್ಯ ಕಟ್ಟಿ, ಆ ಸೈನ್ಯದಿಂದ ಭಾರತದ ಇನ್ನಷ್ಟು ಭಾಗವನ್ನು ಗೆಲ್ಲುವುದು ಸಾಧ್ಯವಾಯಿತು.

ದಕ್ಷಿಣದಲ್ಲಿ ಕಂಪೆನಿ ಬಳಸಿದ ಮುಖ್ಯ ಸಾಧನ ಸಹಾಯಕ ಸೈನ್ಯ ಪದ್ಧತಿ. ಅದರ ಕ್ರಮ ಸರಳವಾದದ್ದು. ದೇಶೀಯ ರಾಜ ತನ್ನ ರಾಜ್ಯದಲ್ಲಿ ಕಂಪೆನಿಯ ಸೈನ್ಯವನ್ನು ಇರಿಸಿಕೊಳ್ಳಬೇಕು, ಅದರ ವೆಚ್ಚವನ್ನು ತಾನೇ ಭರಿಸಬೇಕು, ಕಂಪೆನಿಯ ಒಪ್ಪಿಗೆಯಿಲ್ಲದೆ ಬೇರೆ ಯಾರೊಡನೆಯೂ ಯುದ್ಧವನ್ನಾಗಲಿ ಒಪ್ಪಂದವನ್ನಾಗಲಿ ಮಾಡಿಕೊಳ್ಳಬಾರದು. ಆಸ್ಥಾನದಲ್ಲಿ ಕಂಪೆನಿಯ ರೆಸಿಡೆಂಟ್ ಇರುತ್ತಾನೆ. ವೆಚ್ಚ ಭರಿಸಲಾಗದಿದ್ದರೆ ಅದಕ್ಕೆ ತಕ್ಕಷ್ಟು ನಾಡನ್ನು ಬಿಟ್ಟುಕೊಡಬೇಕು.

ಗವರ್ನರ್ ಜನರಲ್ ವೆಲ್ಲೆಸ್ಲಿಯ ಕಾಲದಲ್ಲಿ, 1798ರಲ್ಲಿ, ನಿಜಾಮ ಈ ಬಲೆಗೆ ಬಿದ್ದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಮಡಿದ. ಆ ಯುದ್ಧದ ಪಾಲಾಗಿ ನಿಜಾಮನಿಗೆ ಸಿಕ್ಕ ಬಳ್ಳಾರಿ ಮೊದಲಾದ ಸೀಮೆಗಳು ಮರುವರ್ಷವೇ, 1800ರ ಒಪ್ಪಂದದಂತೆ, ಸೈನ್ಯದ ವೆಚ್ಚಕ್ಕಾಗಿ ಕಂಪೆನಿಗೆ ಸೇರಿಹೋದವು. 1818ರಲ್ಲಿ ಪೇಶ್ವೆಯ ಆಳ್ವಿಕೆಯೂ ಕೊನೆಗೊಂಡಿತು. ಸುರಪುರದ ನಾಯಕರು ಯಾವ ಎರಡು ಶಕ್ತಿಗಳ ನಡುವೆ ತೂಗಿಕೊಂಡು ಬಂದಿದ್ದರೋ ಅವುಗಳಲ್ಲಿ ಒಂದು ಅಳಿಯಿತು, ಇನ್ನೊಂದು ಕಂಪೆನಿಯ ಅಂಕೆಗೆ ಒಳಪಟ್ಟಿತು.

ಇಷ್ಟಕ್ಕೇ ಮುಗಿಯಲಿಲ್ಲ. ಸಹಾಯಕ ಸೈನ್ಯದ ಜೊತೆಗೆ, ಬ್ರಿಟಿಷ್ ಅಧಿಕಾರಿಗಳ ಕೈಕೆಳಗಿನ ಇನ್ನೊಂದು ಪಡೆ ಹೈದರಾಬಾದ್ ರಾಜ್ಯದಲ್ಲಿ ಬೆಳೆಯಿತು. ಹೈದರಾಬಾದ್ ಕಂಟಿಂಜೆಂಟ್ ಎಂಬ ಹೆಸರಿನ ಈ ಪಡೆಗೂ ಸಂಬಳ ಕೊಡುವವನು ನಿಜಾಮನೇ. ಅದರ ವಾರ್ಷಿಕ ವೆಚ್ಚ ಸುಮಾರು 40 ಲಕ್ಷ ರೂಪಾಯಿ. ಸಂಬಳ ಕೊಡಲು ನಿಜಾಮ ಸರ್ಕಾರ ಸಾಹುಕಾರರಿಂದಲೂ ಪಾಮರ್ ಕಂಪೆನಿ ಎಂಬ ಲೇವಾದೇವಿ ಸಂಸ್ಥೆಯಿಂದಲೂ ಭಾರೀ ಬಡ್ಡಿಗೆ ಸಾಲ ತಂದಿತು. ಬಾಕಿ ಬೆಳೆಯಿತು. 1853ರ ಮೇ ತಿಂಗಳಲ್ಲಿ, ಡಾಲ್‌ಹೌಸಿಯ ಕಾಲದ ಒಪ್ಪಂದದಂತೆ, ಬೇರಾರ್, ನಳದುರ್ಗ ಸೀಮೆ ಮತ್ತು ರಾಯಚೂರು ದೋಆಬ್ ಪ್ರಾಂತಗಳ ಆಡಳಿತವನ್ನು ಬ್ರಿಟಿಷರು ಕಂಟಿಂಜೆಂಟಿನ ವೆಚ್ಚಕ್ಕಾಗಿ ವಹಿಸಿಕೊಂಡರು.

ರಾಯಚೂರು ದೋಆಬ್ ಎಂದರೆ ಕೃಷ್ಣೆಯ ಆಚೆ ದಡ. ಅಲ್ಲಿನ ಲಿಂಗಸುಗೂರಿನಲ್ಲಿ ಕಂಟಿಂಜೆಂಟಿನ ಠಾಣೆಯಿತ್ತು. ಐದು ವರ್ಷಗಳ ನಂತರ ಸುರಪುರದ ಮೇಲೆ ಮೊದಲು ಬಂದ ಪಡೆ ಈ ಠಾಣೆಯದೇ. ಕನ್ನಡ ರೈತರು ಕಟ್ಟಿದ ಕಂದಾಯದಿಂದ ಸಂಬಳ ಪಡೆದ ಸೈನ್ಯ ಕನ್ನಡ ನಾಡಿನ ಸಂಸ್ಥಾನವೊಂದನ್ನು ಮುಗಿಸಲು ಹೊರಟಿತು.

ಹದಿನೈದು ಲಕ್ಷದ ನಜರಾಣೆ

ಮೇಲಿನವರ ಸಾಲದ ಹೊರೆ ಕೆಳಗಿನವರ ಮೇಲೆ ಜಾರುವುದು ಸಹಜ. ನಿಜಾಮ ಸರ್ಕಾರ ತನ್ನ ಅಧೀನ ಸಂಸ್ಥಾನಗಳಿಂದ ಹಣ ಹಿಂಡತೊಡಗಿತು. 1828ರಲ್ಲಿ ಕೃಷ್ಣಪ್ಪ ನಾಯಕ ಸುರಪುರದ ಪಟ್ಟಕ್ಕೆ ಬಂದಾಗ ಪಟ್ಟದ ಮಾನ್ಯತೆಗಾಗಿ 15 ಲಕ್ಷ ರೂಪಾಯಿ ನಜರಾಣೆ ಕೊಡಲು ಒಪ್ಪಿಕೊಳ್ಳಬೇಕಾಯಿತು. ಸಣ್ಣ ಸಂಸ್ಥಾನಕ್ಕೆ ಅದು ಹೊರಲಾರದ ಮೊತ್ತ. ಬಾಕಿ ಉಳಿಯಿತು. ಬಾಕಿಯ ನೆಪದಲ್ಲಿ ಹೈದರಾಬಾದಿನ ಒತ್ತಡ ಹೆಚ್ಚಿತು. ಆ ಒತ್ತಡವನ್ನು ಬಗೆಹರಿಸುವ ನೆಪದಲ್ಲಿ ಬ್ರಿಟಿಷ್ ರೆಸಿಡೆಂಟ್ ಮಧ್ಯೆ ಪ್ರವೇಶಿಸಿದ.

ಕೃಷ್ಣಪ್ಪ ನಾಯಕ 1842ರಲ್ಲಿ ತೀರಿಕೊಂಡಾಗ ಮಗ ವೆಂಕಟಪ್ಪ ನಾಯಕರು ಇನ್ನೂ ಬಾಲಕ. ರಾಣಿ ಈಶ್ವರಮ್ಮ ಒಂದು ಪಕ್ಷ, ದಿವಂಗತ ದೊರೆಯ ಸೋದರ ಪೀತ ನಾಯಕ ಇನ್ನೊಂದು ಪಕ್ಷ. ಈ ಬಿಕ್ಕಟ್ಟನ್ನು ನಿಭಾಯಿಸಲು ಬಂದ ಅಧಿಕಾರಿಯೇ ಮೆಡೋಸ್ ಟೇಲರ್.

ಟೇಲರ್ ಆಡಳಿತದ ಎರಡು ಮುಖ

1808ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿದ ಟೇಲರ್ ಹದಿಹರೆಯದಲ್ಲೇ ಮುಂಬಯಿಯ ವ್ಯಾಪಾರಿಯೊಬ್ಬನ ಕಚೇರಿಗೆಂದು ಭಾರತಕ್ಕೆ ಬಂದವ. ಬಳಿಕ ನಿಜಾಮನ ಸೈನ್ಯದಲ್ಲಿ ಕೆಲಸ ಹಿಡಿದ. ಕಂಪೆನಿಯ ಸನ್ನದು ಪಡೆದ ಅಧಿಕಾರಿ ಆತನಲ್ಲ. ಸಂಬಳ ನಿಜಾಮನದು, ಅಪ್ಪಣೆ ಬ್ರಿಟಿಷ್ ರೆಸಿಡೆಂಟನದು. ಸಾಮ್ರಾಜ್ಯದ ಯಂತ್ರ ಹೇಗೆ ನಡೆಯುತ್ತಿತ್ತು ಎಂಬುದಕ್ಕೆ ಆತನ ಹುದ್ದೆಯೇ ನಿದರ್ಶನ. ಠಕ್ಕರ ಜೀವನ ಕುರಿತು 1839ರಲ್ಲಿ ಆತ ಬರೆದ ಕಾದಂಬರಿ ಇಂಗ್ಲೆಂಡಿನಲ್ಲಿ ಹೆಸರು ಮಾಡಿತ್ತು. ಲಂಡನ್ನಿನ ಟೈಮ್ಸ್ ಪತ್ರಿಕೆಗೂ ಆತ ವರದಿ ಬರೆಯುತ್ತಿದ್ದ.

1842ರಿಂದ 1853ರವರೆಗೆ ಟೇಲರ್ ಸುರಪುರದ ಆಡಳಿತ ನಡೆಸಿದ. ಕಂದಾಯದ ಲೆಕ್ಕ ಸರಿಪಡಿಸಿದ, ರಸ್ತೆ ಮಾಡಿಸಿದ, ಕೆರೆಗಳತ್ತ ಗಮನ ಕೊಟ್ಟ. ಇಂದು ಪಕ್ಷಿಧಾಮವಾಗಿರುವ ಬೋನಾಳ ಕೆರೆಯ ಅಭಿವೃದ್ಧಿಯಲ್ಲಿ ಆತನ ಪಾತ್ರವಿದೆ. ರಾಜನಕೋಳೂರು ಮೊದಲಾದೆಡೆ ಇರುವ ಬೃಹತ್ ಶಿಲಾಸಮಾಧಿಗಳನ್ನು ಪರಿಶೀಲಿಸಿ ಬರೆದ ಲೇಖನಗಳಿಂದಾಗಿ ದಕ್ಷಿಣ ಭಾರತದ ಪ್ರಾಕ್ತನಶಾಸ್ತ್ರದಲ್ಲಿಯೂ ಆತನ ಹೆಸರು ಉಳಿದಿದೆ. ತಾನು ಬಿಟ್ಟುಹೋಗುವಾಗ ಸಂಸ್ಥಾನದ ಹಣಕಾಸು ಸುಸ್ಥಿತಿಯಲ್ಲಿತ್ತು ಎಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಆ ಆತ್ಮಕಥೆ ಪ್ರಕಟವಾದದ್ದು ಆತನ ಮರಣಾನಂತರ, 1877ರಲ್ಲಿ.

ಟೇಲರ್ ಒಳ್ಳೆಯ ಆಡಳಿತಗಾರನಾಗಿದ್ದನೆಂಬುದನ್ನು ಒಪ್ಪಿದರೂ ಒಂದು ಪ್ರಶ್ನೆ ಉಳಿಯುತ್ತದೆ. ಹನ್ನೊಂದು ವರ್ಷಗಳ ಕಾಲ ಸುರಪುರದ ಖಜಾನೆ, ನ್ಯಾಯ, ಸೈನ್ಯ ಎಲ್ಲವೂ ಹೊರಗಿನವನೊಬ್ಬನ ಕೈಯಲ್ಲಿದ್ದವು. ಜಮೀನು ಅನುಭವಿಸುತ್ತ ದೊರೆಗೆ ಸೈನಿಕ ಸೇವೆ ಸಲ್ಲಿಸುತ್ತಿದ್ದ ಬೇಡ ಪಡೆಗೂ ಅರಮನೆಗೂ ಇದ್ದ ಹಳೆಯ ಸಂಬಂಧ ಈ ಅವಧಿಯಲ್ಲಿ ಹೊಸ ಲೆಕ್ಕಾಚಾರಕ್ಕೆ ಒಳಗಾಯಿತು. 1853ರಲ್ಲಿ ವೆಂಕಟಪ್ಪ ನಾಯಕರ ಕೈಗೆ ಅಧಿಕಾರ ಬಂದಾಗ ಅವರು ಪಡೆದದ್ದು ಸಿಂಹಾಸನವನ್ನು. ಅದರ ಮೇಲಿನ ನಿರ್ಧಾರ ಮಾತ್ರ ಹೈದರಾಬಾದಿನ ರೆಸಿಡೆನ್ಸಿಯಲ್ಲೇ ಉಳಿದಿತ್ತು.

1858ರ ಫೆಬ್ರುವರಿ

1857ರ ಮೇ ತಿಂಗಳಲ್ಲಿ ಮೀರತ್‌ನಲ್ಲಿ ಹೊತ್ತಿದ ದಂಗೆಯ ಕಿಡಿ ದಕ್ಷಿಣಕ್ಕೂ ಹಾರಿತು. ಜುಲೈ 17ರಂದು ತುರ್ರೆಬಾಜ್ ಖಾನ್ ಮತ್ತು ಮೌಲವಿ ಅಲಾವುದ್ದೀನ್ ನೇತೃತ್ವದ ಗುಂಪು ಹೈದರಾಬಾದಿನ ರೆಸಿಡೆನ್ಸಿಯ ಮೇಲೆ ದಾಳಿ ಮಾಡಿತು. ನಿಜಾಮನ ದಿವಾನ ಸಾಲಾರ್ ಜಂಗ್ ಬ್ರಿಟಿಷರ ಪಕ್ಷದಲ್ಲೇ ಗಟ್ಟಿಯಾಗಿ ನಿಂತ. ನವೆಂಬರ್‌ನಲ್ಲಿ ನಿಶ್ಶಸ್ತ್ರೀಕರಣ ಕಾಯ್ದೆಯನ್ನು ಧಿಕ್ಕರಿಸಿದ ಹಲಗಲಿಯ ಬೇಡರನ್ನು ಬ್ರಿಟಿಷ್ ಪಡೆ ನಿರ್ದಯವಾಗಿ ಹತ್ತಿಕ್ಕಿತು. ಆಯುಧವೇ ಜೀವನಾಧಾರವಾಗಿದ್ದ ಸಮುದಾಯಕ್ಕೆ ಆ ಸುದ್ದಿ ಯಾವ ಅರ್ಥ ಕೊಟ್ಟಿರಬಹುದೆಂದು ಊಹಿಸುವುದು ಕಷ್ಟವಲ್ಲ.

ಸುರಪುರದಲ್ಲಿ ವೆಂಕಟಪ್ಪ ನಾಯಕರು ಅರಬ್ ಮತ್ತು ರೋಹಿಲ್ಲಾ ಸೈನಿಕರನ್ನು ಸೇರಿಸಿಕೊಳ್ಳತೊಡಗಿದರು. ನಾನಾಸಾಹೇಬನ ಕಡೆಯವರೊಂದಿಗೂ ದಕ್ಷಿಣ ಮರಾಠಾ ಸೀಮೆಯ ಅತೃಪ್ತರೊಂದಿಗೂ ಅವರಿಗೆ ಸಂಪರ್ಕವಿದೆಯೆಂಬ ಅನುಮಾನ ಬ್ರಿಟಿಷರಿಗಿತ್ತು. ರೆಸಿಡೆಂಟ್ ಡೇವಿಡ್‌ಸನ್ ಮಾತುಕತೆಗೆಂದು ಕ್ಯಾಪ್ಟನ್ ರೋಸ್ ಕ್ಯಾಂಪ್‌ಬೆಲ್‌ನನ್ನು ಕಳುಹಿಸಿದ. ಅದೇ ವೇಳೆ ಲಿಂಗಸುಗೂರಿನಿಂದ ಕ್ಯಾಪ್ಟನ್ ವಿಂಡಮ್‌ನ ಕಂಟಿಂಜೆಂಟ್ ಪಡೆ, ಮದ್ರಾಸ್ ಕಡೆಯಿಂದ ಕರ್ನಲ್ ಹ್ಯೂಸ್, ಮುಂಬಯಿ ಸೈನ್ಯದ ಕಡೆಯಿಂದ ಕರ್ನಲ್ ಮಾಲ್ಕಮ್ ಸುರಪುರದತ್ತ ಹೊರಟರು. ಮಾತುಕತೆ ಒಂದು ಕೈಯಲ್ಲಿ, ಮುತ್ತಿಗೆ ಇನ್ನೊಂದು ಕೈಯಲ್ಲಿ.

ಫೆಬ್ರುವರಿ 7ರ ರಾತ್ರಿ ಸುರಪುರದ ಪಡೆ ವಿಂಡಮ್‌ನ ಬೀಡಿನ ಮೇಲೆ ದಾಳಿ ನಡೆಸಿತು. ಮರುದಿನದ ಕಾಳಗದಲ್ಲಿ ಬ್ರಿಟಿಷ್ ಕಡೆಯ ಕ್ಯಾಪ್ಟನ್ ನ್ಯೂಬೆರಿ ಸತ್ತ. ಲೆಫ್ಟಿನೆಂಟ್ ಸ್ಟೀವರ್ಟ್ ಮಾರಣಾಂತಿಕವಾಗಿ ಗಾಯಗೊಂಡ. ಆದರೆ ಉಳಿದ ಪಡೆಗಳೂ ಸಮೀಪಿಸಿದಾಗ ಸಂಸ್ಥಾನ ಎದುರಿಸುವ ಸ್ಥಿತಿಯಲ್ಲಿರಲಿಲ್ಲ. ವೆಂಕಟಪ್ಪ ನಾಯಕರು ಕೆಲವೇ ಸವಾರರೊಡನೆ ಹೈದರಾಬಾದಿಗೆ ಹೋದರು. ಅಲ್ಲಿ ಸೆರೆಸಿಕ್ಕರು. ಸಾಲಾರ್ ಜಂಗ್ ಅವರನ್ನು ರೆಸಿಡೆಂಟನ ವಶಕ್ಕೆ ಒಪ್ಪಿಸಿದ.

ಸೈನಿಕ ವಿಚಾರಣೆ ನಡೆದು ಮರಣದಂಡನೆ ವಿಧಿಸಲಾಯಿತು. ಅದನ್ನು ಮೊದಲು ಜೀವಾವಧಿ ಗಡಿಪಾರಿಗೂ ಬಳಿಕ ಗವರ್ನರ್ ಜನರಲ್ ಮಟ್ಟದಲ್ಲಿ ನಾಲ್ಕು ವರ್ಷಗಳ ಸೆರೆಗೂ ಇಳಿಸಲಾಯಿತು. ನಡತೆ ಸರಿಯೆನಿಸಿದರೆ ಸಂಸ್ಥಾನವನ್ನು ಮರಳಿಸುವ ಸೂಚನೆಯೂ ಇತ್ತೆಂದು ಟೇಲರ್ ಬರೆದಿದ್ದಾನೆ. ಸೆರೆಯಲ್ಲಿ ತನ್ನನ್ನು ಕಂಡಾಗ ಯುವ ದೊರೆ ಬಾಲ್ಯದಲ್ಲಿ ಕರೆಯುತ್ತಿದ್ದಂತೆಯೇ ಅಪ್ಪಾ ಎಂದು ಕರೆದರೆಂಬುದೂ ಆತನ ಬರಹದಲ್ಲಿದೆ.

ಮದ್ರಾಸ್ ಬಳಿಯ ಚೆಂಗಲ್‌ಪಟ್ಟು ಕೋಟೆಗೆ ಕರೆದೊಯ್ಯುವ ದಾರಿಯಲ್ಲಿ, 1858ರಲ್ಲಿಯೇ, ವೆಂಕಟಪ್ಪ ನಾಯಕರು ಗುಂಡೇಟಿನಿಂದ ಅಸುನೀಗಿದರು. ಕಾವಲು ಅಧಿಕಾರಿಯ ಪಿಸ್ತೂಲಿನಿಂದ ತಾವೇ ಗುಂಡು ಹಾರಿಸಿಕೊಂಡರೆಂಬುದು ಬ್ರಿಟಿಷ್ ದಾಖಲೆಗಳ ಹೇಳಿಕೆ. ಸುರಪುರದ ಜನ ಅದನ್ನು ಸುಲಭವಾಗಿ ನಂಬಲಿಲ್ಲ. ಅದು ಕೊಲೆಯೆಂಬ ಸಂಶಯ ಇಲ್ಲಿ ತಲೆಮಾರುಗಳಿಂದ ಉಳಿದುಬಂದಿದೆ. ಸಾವು ಹೇಗೆಯೇ ಆಗಿರಲಿ, ಅವರಿಗೆ ಆಗ ಇಪ್ಪತ್ತನಾಲ್ಕರ ಆಸುಪಾಸಿನ ಪ್ರಾಯ.

ಸುರಪುರ ಉಡುಗೊರೆಯಾದ ಬಗೆ

ದೊರೆಯಿಲ್ಲದ ಸಂಸ್ಥಾನವನ್ನು ಬ್ರಿಟಿಷರು ವಶಪಡಿಸಿಕೊಂಡರು. ಆಡಳಿತಕ್ಕೆ ಮತ್ತೆ ಟೇಲರ್‌ನೇ ಬಂದ. ಈ ನಡುವೆ ಲಂಡನ್ನಿನಲ್ಲಿ ದೊಡ್ಡ ಬದಲಾವಣೆಯಾಗಿತ್ತು. ಕಂಪೆನಿಯ ಆಳ್ವಿಕೆ ರದ್ದಾಗಿ ಭಾರತ ನೇರವಾಗಿ ರಾಣಿ ವಿಕ್ಟೋರಿಯಾಳ ಅಧೀನಕ್ಕೆ ಬಂದಿತು. 1858ರ ನವೆಂಬರ್ 1ರ ಘೋಷಣೆಯಲ್ಲಿ, ಇನ್ನು ಮುಂದೆ ದೇಶೀಯ ಸಂಸ್ಥಾನಗಳನ್ನು ಕಬಳಿಸುವುದಿಲ್ಲವೆಂಬ ಭರವಸೆ ಕೊಡಲಾಯಿತು.

ಇದು ದಯೆಯಿಂದ ಬಂದ ಮಾತಲ್ಲ, ಅನುಭವದ ಪಾಠ. ದತ್ತು ಮಕ್ಕಳಿಗೆ ಹಕ್ಕಿಲ್ಲವೆಂಬ ನೀತಿಯಿಂದ ರಾಜ್ಯಗಳನ್ನು ನುಂಗಿದ್ದು ದಂಗೆಗೆ ಎಡೆಮಾಡಿತ್ತು. ಜೊತೆಗೆ ನಿಂತ ರಾಜರಿಂದಲೇ ಸಾಮ್ರಾಜ್ಯ ಉಳಿದಿತ್ತು. ಹೀಗಾಗಿ ನಿಷ್ಠರಿಗೆ ಬಹುಮಾನ, ಎದುರಾದವರಿಗೆ ಶಿಕ್ಷೆ ಎಂಬುದು ಹೊಸ ನೀತಿಯಾಯಿತು.

1860ರ ಡಿಸೆಂಬರ್‌ನ ಒಪ್ಪಂದ ಆ ನೀತಿಯ ಸ್ಪಷ್ಟ ರೂಪ. ನಿಜಾಮನ ಮೇಲಿದ್ದ ಸುಮಾರು 50 ಲಕ್ಷ ರೂಪಾಯಿ ಸಾಲ ಮನ್ನಾ ಆಯಿತು. ರಾಯಚೂರು ದೋಆಬ್ ಮತ್ತು ನಳದುರ್ಗ ಸೀಮೆ ಮರಳಿದವು. ಸುರಪುರ ಸಂಸ್ಥಾನವನ್ನು ನಿಜಾಮನಿಗೆ ಬಿಟ್ಟುಕೊಡಲಾಯಿತು. ಹತ್ತಿಯ ಸಮೃದ್ಧ ಸೀಮೆಯಾದ ಬೇರಾರ್ ಮಾತ್ರ ಬ್ರಿಟಿಷರ ಕೈಯಲ್ಲೇ ಉಳಿಯಿತು. 1902ರಲ್ಲಿ ಅದನ್ನು ವರ್ಷಕ್ಕೆ 25 ಲಕ್ಷ ರೂಪಾಯಿಗೆ ಶಾಶ್ವತ ಗುತ್ತಿಗೆಯಾಗಿ ಬರೆಸಿಕೊಳ್ಳಲಾಯಿತು. ಕೊಟ್ಟದ್ದೆಷ್ಟು, ಇಟ್ಟುಕೊಂಡದ್ದೆಷ್ಟು ಎಂಬುದನ್ನು ಈ ಒಂದು ಅಂಶವೇ ತಿಳಿಸುತ್ತದೆ.

ಸುರಪುರಕ್ಕೆ ಇದರ ಪರಿಣಾಮ ದೀರ್ಘವಾದದ್ದು. ರಾಜಧಾನಿಯಾಗಿದ್ದ ಊರು ಹೈದರಾಬಾದ್ ರಾಜ್ಯದ ಒಂದು ತಾಲ್ಲೂಕು ಕೇಂದ್ರವಾಯಿತು. 1871ರ ಹೊತ್ತಿಗೆ ಮುಂಬಯಿ ಮತ್ತು ಮದ್ರಾಸ್ ನಡುವಿನ ರೈಲುಮಾರ್ಗ ರಾಯಚೂರಿನಲ್ಲಿ ಕೂಡಿಕೊಂಡಾಗ ಹಳಿಗಳು ಯಾದಗಿರಿಯ ಮೂಲಕ ಸಾಗಿದವು, ಸುರಪುರ ಬದಿಗುಳಿಯಿತು. 1880ರ ದಶಕದಲ್ಲಿ ಹೈದರಾಬಾದಿನ ಆಡಳಿತ ಭಾಷೆ ಪರ್ಷಿಯನ್‌ನಿಂದ ಉರ್ದುವಿಗೆ ಬದಲಾಯಿತು. ಕಚೇರಿಯ ಕಾಗದ, ಕೋರ್ಟಿನ ತೀರ್ಪು, ಮೇಲಿನ ತರಗತಿಯ ಪಾಠ ಯಾವುದೂ ಕನ್ನಡದಲ್ಲಿರಲಿಲ್ಲ. ಮೈಸೂರು ಸಂಸ್ಥಾನದ ಅಥವಾ ಧಾರವಾಡ ಸೀಮೆಯ ಕನ್ನಡಿಗನಿಗೆ ದೊರೆತ ಶಿಕ್ಷಣದ ಅವಕಾಶ ಸುರಪುರದ ಕನ್ನಡಿಗನಿಗೆ ದೊರೆಯಲಿಲ್ಲ.

ಸಾಲಗಾರನಾದ ಸಾಮ್ರಾಜ್ಯ

ಮೊದಲ ಮಹಾಯುದ್ಧದ ಬಳಿಕ ಬ್ರಿಟಿಷ್ ಸಾಮ್ರಾಜ್ಯ ತನ್ನ ವಿಸ್ತಾರದ ತುದಿ ಮುಟ್ಟಿತು. ಭೂಮಿಯ ಸುಮಾರು ಕಾಲು ಭಾಗ, ಜನಸಂಖ್ಯೆಯ ಸುಮಾರು ಕಾಲು ಭಾಗ ಅದರ ಅಡಿಯಲ್ಲಿತ್ತು. ಸೂರ್ಯ ಮುಳುಗದ ಸಾಮ್ರಾಜ್ಯವೆಂಬ ಮಾತು ಆಗ ಅಕ್ಷರಶಃ ನಿಜವಾಗಿತ್ತು. ಯುದ್ಧಕ್ಕೆ ಧಾರಾಳವಾಗಿ ಹಣ ಕೊಟ್ಟ ನಿಜಾಮ ಮೀರ್ ಉಸ್ಮಾನ್ ಅಲಿ ಖಾನನಿಗೆ ನಿಷ್ಠಾವಂತ ಮಿತ್ರನೆಂಬ ಬಿರುದು ಬಂತು.

ಆದರೆ ವಿಸ್ತಾರದ ಒಳಗೇ ಬಿರುಕಿತ್ತು. ಭಾರತದ ಕೋಟ್ಯಂತರ ಜನರನ್ನು ಆಳುತ್ತಿದ್ದ ಐಸಿಎಸ್ ಅಧಿಕಾರಿಗಳ ಸಂಖ್ಯೆ ಸಾವಿರದ ಆಸುಪಾಸು. ಉಳಿದ ಕೆಲಸವೆಲ್ಲ ನಡೆಯುತ್ತಿದ್ದದ್ದು ಭಾರತೀಯ ಗುಮಾಸ್ತ, ಭಾರತೀಯ ಪೊಲೀಸ್, ಭಾರತೀಯ ಸಿಪಾಯಿ ಹಾಗೂ 500ಕ್ಕೂ ಹೆಚ್ಚು ಸಂಸ್ಥಾನಿಕರ ಮೂಲಕ. ಈ ಸಹಕಾರ ನಿಂತರೆ ಆಳ್ವಿಕೆ ನಡೆಯದು. ಗಾಂಧೀಜಿಯವರ ಅಸಹಕಾರ, ಕಾನೂನುಭಂಗ ಮತ್ತು 1942ರ ಕ್ವಿಟ್ ಇಂಡಿಯಾ ಚಳವಳಿಗಳು ಪೆಟ್ಟು ಕೊಟ್ಟದ್ದು ಈ ಮರ್ಮಸ್ಥಾನಕ್ಕೆ. 1946ರ ಫೆಬ್ರುವರಿಯಲ್ಲಿ ಮುಂಬಯಿಯಲ್ಲಿ ನೌಕಾಪಡೆಯ ಸಿಪಾಯಿಗಳೇ ಬಂಡೆದ್ದಾಗ, ಬಂದೂಕು ಹಿಡಿದ ಕೈಗಳ ಮೇಲೂ ಭರವಸೆ ಇಡುವಂತಿಲ್ಲವೆಂಬುದು ಲಂಡನ್ನಿಗೆ ಖಾತ್ರಿಯಾಯಿತು.

ಎರಡನೆಯ ಕಾರಣ ಹಣ. ಎರಡನೆಯ ಮಹಾಯುದ್ಧದಲ್ಲಿ ಸುಮಾರು 25 ಲಕ್ಷ ಭಾರತೀಯರು ಸೈನ್ಯ ಸೇರಿದರು. ಯುದ್ಧಕ್ಕಾಗಿ ಭಾರತದಲ್ಲಿ ಕೊಂಡ ಸಾಮಗ್ರಿಗೂ ಭಾರತದ ಹೊರಗೆ ಬಳಸಿದ ಸೈನ್ಯಕ್ಕೂ ಆದ ವೆಚ್ಚದ ದೊಡ್ಡ ಪಾಲನ್ನು ಬ್ರಿಟನ್ ಕೊಡಬೇಕಿತ್ತು. ಅದು ಹಣವಾಗಿ ಕೊಡದೆ ಲೆಕ್ಕದಲ್ಲಿ ಬರೆದಿಟ್ಟಿತು. ಯುದ್ಧ ಮುಗಿದಾಗ ಈ ಸ್ಟರ್ಲಿಂಗ್ ಬಾಕಿ ಸುಮಾರು 130 ಕೋಟಿ ಪೌಂಡ್ ಮುಟ್ಟಿತ್ತು. ಆ ವರ್ಷಗಳಲ್ಲಿ ಭಾರತದಲ್ಲಿ ನೋಟು ಮುದ್ರಣ ಏರಿತು, ಬೆಲೆಗಳು ಏರಿದವು, 1943ರ ಬಂಗಾಳದ ಕ್ಷಾಮದಲ್ಲಿ ಸುಮಾರು 30 ಲಕ್ಷ ಜನ ಸತ್ತರು. ಲೆಕ್ಕಪುಸ್ತಕದ ಆ ಬಾಕಿಯ ಹಿಂದೆ ಇಂಥ ಬೆಲೆಯಿತ್ತು.

ಬ್ರಿಟನ್ ಸ್ವತಃ 1946ರಲ್ಲಿ ಅಮೆರಿಕದಿಂದ 375 ಕೋಟಿ ಡಾಲರ್ ಸಾಲ ಎತ್ತಬೇಕಾಯಿತು. ನಿಜಾಮನನ್ನು ಸಾಲದಲ್ಲಿ ಸಿಲುಕಿಸಿ ಪ್ರಾಂತಗಳನ್ನು ಬರೆಸಿಕೊಂಡ ಸಾಮ್ರಾಜ್ಯ ನೂರು ವರ್ಷ ತುಂಬುವ ಮೊದಲೇ ತನ್ನ ಪ್ರಜೆಗಳಿಗೇ ಸಾಲಗಾರನಾಯಿತು. 1947ರ ಫೆಬ್ರುವರಿ 20ರಂದು ಪ್ರಧಾನಿ ಆಟ್ಲಿ ಭಾರತವನ್ನು ಬಿಡುವ ನಿರ್ಧಾರ ಪ್ರಕಟಿಸಿದ. ಭಾರತದ ನಂತರ ಬರ್ಮಾ ಮತ್ತು ಸಿಲೋನ್ 1948ರಲ್ಲಿ ಹೊರಬಂದವು. 1956ರಲ್ಲಿ ಸೂಯೆಜ್ ಕಾಲುವೆಗಾಗಿ ನಡೆಸಿದ ಸಾಹಸ ಅಮೆರಿಕದ ಒತ್ತಡಕ್ಕೆ ಮಣಿದು ನಿಂತಾಗ ಸಾಮ್ರಾಜ್ಯದ ದುರ್ಬಲತೆ ಜಗಜ್ಜಾಹೀರಾಯಿತು. 1957ರಲ್ಲಿ ಘಾನಾ, ಬಳಿಕ ಆಫ್ರಿಕಾದ ಒಂದೊಂದೇ ದೇಶ ಸ್ವತಂತ್ರವಾಯಿತು. 1997ರಲ್ಲಿ ಹಾಂಗ್‌ಕಾಂಗ್ ಚೀನಾಕ್ಕೆ ಮರಳಿತು.

ಹದಿಮೂರು ತಿಂಗಳ ಅಂತರ

ಸಾಮ್ರಾಜ್ಯ ಹೊರಟು ನಿಂತಾಗ ಸುರಪುರ ಇನ್ನೊಂದು ವೈಚಿತ್ರ್ಯಕ್ಕೆ ಸಾಕ್ಷಿಯಾಯಿತು. 1858ರಲ್ಲಿ ಸಂಸ್ಥಾನಿಕನೊಬ್ಬ ಸ್ವತಂತ್ರವಾಗಿ ನಡೆದುಕೊಂಡದ್ದನ್ನು ರಾಜದ್ರೋಹವೆಂದು ತೀರ್ಮಾನಿಸಿದ ಬ್ರಿಟನ್, 1947ರ ಭಾರತ ಸ್ವಾತಂತ್ರ್ಯ ಕಾಯ್ದೆಯಲ್ಲಿ ಸಂಸ್ಥಾನಗಳ ಮೇಲಿನ ತನ್ನ ಸಾರ್ವಭೌಮತ್ವ ಮುಗಿಯಿತೆಂದು ಸಾರಿತು. ಇದನ್ನೇ ಹಿಡಿದುಕೊಂಡು ನಿಜಾಮ ಸ್ವತಂತ್ರವಾಗಿರಲು ಹವಣಿಸಿದ. 1947ರ ನವೆಂಬರ್‌ನಲ್ಲಿ ಭಾರತದೊಂದಿಗೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಷ್ಟೇ ಆಯಿತು.

ಸುರಪುರದ ಪಶ್ಚಿಮಕ್ಕೆ ವಿಜಾಪುರ ಜಿಲ್ಲೆ. ಅದು ಮುಂಬಯಿ ಪ್ರಾಂತದ ಭಾಗವಾಗಿದ್ದರಿಂದ ಆಗಸ್ಟ್ 15ರಂದು ಅಲ್ಲಿ ತ್ರಿವರ್ಣ ಧ್ವಜ ಹಾರಿತು. ಗಡಿಯ ಈಚೆ, ನಿಜಾಮನ ನೆಲದಲ್ಲಿ, ಅದೇ ಧ್ವಜ ಹಾರಿಸುವುದು ಬಂಧನಕ್ಕೆ ಕಾರಣವಾಗುತ್ತಿತ್ತು. ಅತ್ತಿತ್ತ ನೆಂಟಸ್ತಿಕೆ ಬೆಳೆಸಿದ, ಒಂದೇ ಸಂತೆಗೆ ಹೋಗುವ ಜನರ ನಡುವೆ ಈ ಗೆರೆ ಎದ್ದು ನಿಂತಿತು. ಖಾಸಿಂ ರಜ್ವಿಯ ರಜಾಕಾರರ ಹಾವಳಿ ಹೆಚ್ಚಿದಂತೆ ಹೈದರಾಬಾದ್ ರಾಜ್ಯದ ಅನೇಕ ಕುಟುಂಬಗಳು ಗಡಿ ದಾಟಿದವು. ಸ್ವಾಮಿ ರಮಾನಂದ ತೀರ್ಥರ ನೇತೃತ್ವದ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಹೋರಾಟ ನಡೆಸಿತು. ಗಡಿಯುದ್ದಕ್ಕೂ ಶಿಬಿರಗಳು ಎದ್ದವು.

1948ರ ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಹೈದರಾಬಾದ್ ರಾಜ್ಯವನ್ನು ಪ್ರವೇಶಿಸಿತು. 17ರಂದು ನಿಜಾಮ ಶರಣಾದ. ಇದರ ಬೆನ್ನಿಗೇ ಗುಲಬರ್ಗಾ, ಬೀದರ್, ಉಸ್ಮಾನಾಬಾದ್ ಮತ್ತು ನಾಂದೇಡ್ ಜಿಲ್ಲೆಗಳಲ್ಲಿ ಮುಸ್ಲಿಮರ ಮೇಲೆ ಪ್ರತೀಕಾರದ ಹಿಂಸೆ ನಡೆದದ್ದನ್ನು ಕೇಂದ್ರ ಸರ್ಕಾರ ಕಳುಹಿಸಿದ ಪಂಡಿತ ಸುಂದರಲಾಲ್ ಸಮಿತಿ ದಾಖಲಿಸಿತು. ಆಳುವವರು ಬಿಟ್ಟುಹೋದ ಬಿಕ್ಕಟ್ಟಿನ ದಂಡವನ್ನು ಎರಡೂ ಸಮುದಾಯಗಳ ಸಾಮಾನ್ಯ ಜನ ತೆತ್ತರು.

1956ರ ನವೆಂಬರ್ 1ರಂದು ಗುಲಬರ್ಗಾ ಜಿಲ್ಲೆಯೊಂದಿಗೆ ಸುರಪುರ ವಿಶಾಲ ಮೈಸೂರು ರಾಜ್ಯ ಸೇರಿತು. 2009ರ ಡಿಸೆಂಬರ್‌ನಲ್ಲಿ ರಚನೆಯಾದ ಯಾದಗಿರಿ ಜಿಲ್ಲೆಯ ಭಾಗವಾಯಿತು. ಈ ಪ್ರದೇಶ ಹಿಂದುಳಿದಿದೆಯೆಂದು ಒಪ್ಪಿ ಸಂವಿಧಾನಕ್ಕೆ 371(ಜೆ) ವಿಧಿಯನ್ನು ಸೇರಿಸಿದ ತಿದ್ದುಪಡಿಗೆ 2012ರಲ್ಲಿ ಸಂಸತ್ತು ಅಂಗೀಕಾರ ನೀಡಿತು. 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದಿತು. ಉದ್ಯೋಗ ಮತ್ತು ಶಿಕ್ಷಣದಲ್ಲಿ ಇಂದು ಇಲ್ಲಿನ ಯುವಕರು ಕೇಳುವ ಮೀಸಲಾತಿಯ ಬೇರು ಹುಡುಕುತ್ತ ಹಿಂದೆ ಸರಿದರೆ, 1860ರ ಒಪ್ಪಂದದವರೆಗೂ ಹೋಗಬೇಕಾಗುತ್ತದೆ.

ಉಳಿದ ನೆನಪು

ಸಾಮ್ರಾಜ್ಯ ರಸ್ತೆ, ಕೆರೆ, ರೈಲು ಕೊಟ್ಟಿತೆಂಬ ವಾದ ಹೊಸದಲ್ಲ. ಸುರಪುರದಲ್ಲಿ ಅದಕ್ಕೆ ಟೇಲರ್‌ನ ಉದಾಹರಣೆಯೂ ಇದೆ. ಆತನ ಕೆಲಸವನ್ನು ಅಲ್ಲಗಳೆಯುವ ಅಗತ್ಯವಿಲ್ಲ. ಸುರಪುರದ ಜನ ಆತನ ಹೆಸರನ್ನು ಬಂಗಲೆಯೊಂದಿಗೆ ಉಳಿಸಿಕೊಂಡೇ ಬಂದಿದ್ದಾರೆ. ಆದರೆ ಕೆರೆಯ ಏರಿ ಎತ್ತರಿಸಿದ ಅಧಿಕಾರಿ ಬದಲಾದಾಗ, ಅಥವಾ ಮೇಲಿನ ಅಪ್ಪಣೆ ಬದಲಾದಾಗ, ಆ ಊರಿನವರನ್ನು ಯಾರೂ ಒಂದು ಮಾತು ಕೇಳಲಿಲ್ಲ. 1842ರಲ್ಲಿ ಕೇಳಲಿಲ್ಲ, 1858ರಲ್ಲಿ ಕೇಳಲಿಲ್ಲ, 1860ರಲ್ಲಿ ನಾಡನ್ನೇ ಪರಭಾರೆ ಮಾಡುವಾಗಲೂ ಕೇಳಲಿಲ್ಲ.

ಕರ್ನಾಟಕದ ಸ್ವಾತಂತ್ರ್ಯ ಸಂಗ್ರಾಮವೆಂದರೆ 1824ರ ಕಿತ್ತೂರು, ಬಳಿಕ ನರಗುಂದ, ಹಲಗಲಿ ಎಂಬ ಹೆಸರುಗಳು ಮೊದಲು ನೆನಪಾಗುತ್ತವೆ. ಆ ಸಾಲಿನಲ್ಲಿ ಸುರಪುರದ ಹೆಸರು ರಾಜ್ಯದ ಉಳಿದ ಭಾಗದಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಪ್ರತಿವರ್ಷ ಸೆಪ್ಟೆಂಬರ್ 17ರಂದು ಇಲ್ಲಿ ಧ್ವಜ ಏರುವಾಗ ಮಾತ್ರ, ಆಗಸ್ಟ್ 15 ಕಳೆದು ಒಂದು ತಿಂಗಳಾದ ಮೇಲೆ ಇನ್ನೊಂದು ಧ್ವಜಾರೋಹಣ ಏಕೆಂದು ಶಾಲೆಯ ಮಕ್ಕಳು ಕೇಳುತ್ತಾರೆ. ಅದಕ್ಕೆ ಪೂರ್ತಿ ಉತ್ತರ ಕೊಡಬೇಕಾದರೆ, ವೆಂಕಟಪ್ಪ ನಾಯಕರ ಪಡೆ ಹೋರಾಡಿದ 1858ರ ಫೆಬ್ರುವರಿಯ ಆ ರಾತ್ರಿಯಿಂದಲೇ ಹೇಳಬೇಕಾಗುತ್ತದೆ.